ನರಿಯ ಮನೆಗೆ ಬಂದ ಆನೆ

ಕಾರ್ತಿಕದ ವನಭೋಜನಕ್ಕೆ ಇನ್ನೂ ಎರಡು ತಿಂಗಳಿರುವಾಗ ದೀರ್ಘವಾಲನೆಂಬ ನರಿಯು, ನಿತ್ಯ ಪೇಟೆಗೆ ಹೋಗಲೂ ಸಕುಟುಂಬನಾಗಿ ಕಾಡಿನಲ್ಲಿ ಡೇರೆ ಹೂಡಲೂ ಒದಗುವ ಒಂದೇ ವಾಹನವನ್ನು ಅರಸುತ್ತಿದ್ದನು. ಕತ್ತೆಯೂ ಆನೆಯೂ ಅವನ ಓಣಿಯ ಬಾಯಿಗೆ ಬಂದವು.

“ಒಡೆಯಾ, ಪೇಟೆಗೆ ನಿತ್ಯವೂ ಒಯ್ಯುವೆನು. ಕಾಡಿಗಾದರೆ ಎರಡು ಸಲ ಹೋಗಿಬರಬೇಕಾದೀತು,” ಎಂದಿತು ಕತ್ತೆ.

ಆನೆ ನಕ್ಕಿತು. “ಡೇರೆಯನ್ನು ಹೇರಿದರೆ ಇವನೇ ಅದರಡಿಯಲ್ಲಿ ಮಲಗಿಬಿಟ್ಟಾನು! ನನಗೆ ನಿಮ್ಮ ಮನೆಮಂದಿ, ಡೇರೆ, ಹಂಡೆ ಎಲ್ಲ ಸೇರಿ ಒಂದೇ ಹೊರೆ.”

“ನೋಡಿ, ನಮ್ಮ ಓಣಿಯಲ್ಲಿ ಈ ಆನೆ ಹಿಡಿಸೀತೇ?” ಎಂದಳು ನರಿಯ ಹೆಂಡತಿ.

“ನೆಂಟರೆದುರು ನಾನು ಕತ್ತೆಯ ಮೇಲಿಂದ ಇಳಿಯಲೇನೇ?” ಎಂದು ಗದರಿ ದೀರ್ಘವಾಲನು ಆನೆಯನ್ನೇ ಆರಿಸಿದನು.

ಆನೆಯು ಓಣಿಯ ಹೊರಗೇ ನಿಂತಿತು. ಪೇಟೆಯ ಬೀದಿಯೂ ಅದಕ್ಕೆ ಇಕ್ಕಟ್ಟಾದುದರಿಂದ ದೀರ್ಘವಾಲನು ದಿನವೂ ನಡೆದೇ ಹೋದನು. ಮರಳುವಾಗ ಅದರ ಮೇವನ್ನು ತಾನೇ ಹೊತ್ತು ತಂದನು. ಕಾರ್ತಿಕ ಬರುವಷ್ಟರಲ್ಲಿ ಅವನ ಬೆನ್ನು ಬಾಗಿ, ನೆಟ್ಟಗಾಗದೆ ಹೋಯಿತು.

ವನಭೋಜನದ ದಿನ ಹೆಂಡತಿ ಮಕ್ಕಳು ಆನೆಯೇರಿ ಕಾಡಿಗೆ ಹೊರಟರು. ದೀರ್ಘವಾಲನನ್ನು, ನೆಂಟರೆಲ್ಲ ನೋಡುತ್ತಿರಲು, ಕತ್ತೆಯು ಬೆನ್ನ ಮೇಲೆ ಕೂರಿಸಿಕೊಂಡು ವೈದ್ಯರ ಮನೆಗೆ ಒಯ್ದಿತು.