ಗೊರವಂಕ ಸಣ್ಣಕ್ಕ ಕೊಟ್ಟ ದೂರು

ಬಿದಿರು ದಟ್ಟವಾಗಿ ಬೆಳೆದ ಒಂದು ಕಾಡಿನಲ್ಲಿ ಸಿಂಗಣ್ಣ ಎಂಬ ನರಿ ಇದ್ದ. ಬೆಳ್ಳಿ ಎಂಬ ತಬ್ಬಲಿ ಮೊಲದ ಮರಿಯನ್ನು ಮನೆಗೆ ಕರೆತಂದು ಸಾಕುತ್ತಿದ್ದ. ಎಂಥ ದೊಡ್ಡ ಮನಸ್ಸು ಎಂದು ಕಾಡೆಲ್ಲ ಅವನನ್ನು ಹೊಗಳುತ್ತಿತ್ತು.

ನರಿಯ ಗುಹೆಯ ಪಕ್ಕದ ಮರದಲ್ಲಿ ಸಣ್ಣಕ್ಕ ಎಂಬ ಗೊರವಂಕ ಹಕ್ಕಿಯ ಗೂಡಿತ್ತು. ಒಂದು ದಿನ ಬೆಳ್ಳಿ ಕುಂಟುವುದನ್ನು ಅವಳು ಕಂಡಳು. ಕಲ್ಲು ಎಡವಿದಳು ಎಂದ ನರಿ. ಇನ್ನೊಮ್ಮೆ ಕಿವಿ ಊದಿಕೊಂಡಿತ್ತು. ಮುಳ್ಳು ತರಚಿತು ಎಂದ. ಆದರೆ ನರಿ ಸುಮ್ಮನೆ ಕೆಮ್ಮಿದರೂ ಬೆಳ್ಳಿ ಮುದುಡಿಕೊಳ್ಳುತ್ತಿದ್ದಳು. ಅದು ಸಣ್ಣಕ್ಕನ ಮನಸ್ಸನ್ನು ಕೊರೆಯತೊಡಗಿತು.

ನರಿ ಹೊರಗೆ ಹೋದಾಗ ಅವಳು ಕೆಳಗಿಳಿದು, ಮರಿಯ ಪಕ್ಕ ಕೂತು ಮೆಲ್ಲಗೆ ವಿಚಾರಿಸಿದಳು. ಬೆಳ್ಳಿ ನರಿ ಹೋದ ದಾರಿಯನ್ನೊಮ್ಮೆ ನೋಡಿ ಬಾಯಿಬಿಟ್ಟಳು.

"ಮಾಮ ಹೊಡೀತಾನೆ. ಯಾರಿಗಾದ್ರೂ ಹೇಳಿದ್ರೆ ಹುಲಿ ಬಾಯಿಗೆ ಹಾಕ್ತೀನಿ ಅಂದಿದಾನೆ."

"ನೀನು ಹೇಳಿದ್ದು ಒಳ್ಳೇದಾಯ್ತು ಮಗಳೇ. ನಿಂದೇನೂ ತಪ್ಪಿಲ್ಲ," ಎಂದಳು ಸಣ್ಣಕ್ಕ.

ನೆರೆಯ ಜಿಂಕೆಗೆ ಹೇಳಿದರೆ, ಬೇರೆಯವರ ಮನೆ ವಿಷಯ ನಮಗ್ಯಾಕೆ ಎಂದು ಮುಖ ತಿರುಗಿಸಿ ಮೇಯತೊಡಗಿತು. ಸಣ್ಣಕ್ಕನಿಗೂ ಅಂಜಿಕೆಯೇ. ನರಿಗೆ ತಿಳಿದರೆ ತನ್ನ ಮರಿಗಳ ಗತಿಯೇನು? ಆದರೂ ರೆಕ್ಕೆ ಬಿಚ್ಚಿ ನೇರ ಪೊಲೀಸ್ ಠಾಣೆಗೆ ಹಾರಿದಳು.

ಅಲ್ಲಿನ ಇನ್ಸ್‌ಪೆಕ್ಟರ್ ಭದ್ರಮ್ಮ ಎಂಬ ಆನೆ. ಅವಳು ಎಲ್ಲವನ್ನೂ ಕೇಳಿ ದೂರು ಬರೆದುಕೊಂಡಳು. ತಾನು ಕಣ್ಣಾರೆ ಕಂಡಿಲ್ಲವಲ್ಲ ಎಂದು ಸಣ್ಣಕ್ಕ ಅಳುಕಿದಳು.

"ಅನುಮಾನ ಬಂದ್ರೆ ತಿಳಿಸಿದ್ರೆ ಸಾಕಮ್ಮ. ನಿಜ ಹುಡುಕೋದು ನಮ್ಮ ಕೆಲಸ. ನಿನ್ನ ಹೆಸರು ಹೊರಗೆ ಬರಲ್ಲ," ಎಂದಳು ಭದ್ರಮ್ಮ.

ಅಂದೇ ಭದ್ರಮ್ಮ ಗುಹೆಗೆ ಬಂದಳು. ಮೊದಲು ಬೆಳ್ಳಿಯನ್ನು ಬೇರೆ ಕೂರಿಸಿಕೊಂಡು ಅಕ್ಕರೆಯಿಂದ ಮಾತಾಡಿಸಿದಳು. ಆಮೇಲೆ ನರಿಯನ್ನು ಕರೆದಳು. ನರಿ ಹಲ್ಲು ಗಿಂಜುತ್ತ ಜೇನು ತಂದಿಟ್ಟ. ಮರಿಯ ಬೆನ್ನ ಮೇಲೆ ಬಾಸುಂಡೆ ಹೇಗಾಯಿತು ಎಂದು ಕೇಳಿದಾಗ ತಡಬಡಾಯಿಸಿದ.

"ತುಂಬಾ ತುಂಟಿ ಮೇಡಂ. ಮರದಿಂದ ಬಿದ್ದಳು."

"ಮೊಲ ಯಾವಾಗಿಂದ ಮರ ಹತ್ತೋಕೆ ಶುರು ಮಾಡ್ತು?" ಎಂದಳು ಭದ್ರಮ್ಮ.

ದೂರದಲ್ಲಿ ಮೇಯುತ್ತಿದ್ದ ಜಿಂಕೆಗೂ ನಗು ತಡೆಯಲಾಗಲಿಲ್ಲ. ನರಿ ಬಾಲ ಮುದುರಿಕೊಂಡು ಆನೆಯ ಹಿಂದೆ ಠಾಣೆಗೆ ನಡೆದ. ಅವನಿಗೆ ತಕ್ಕ ಶಿಕ್ಷೆಯಾಯಿತು.

ಬೆಳ್ಳಿಯನ್ನು ಹೊಳೆದಂಡೆಯ ಮೊಲದ ಸಂಸಾರವೊಂದು ಪ್ರೀತಿಯಿಂದ ಕರೆದೊಯ್ದಿತು. ಸಣ್ಣಕ್ಕ ನೋಡಲು ಹೋದಾಗ ಅವಳು ಆ ಮನೆಯ ಮರಿಗಳ ಜೊತೆ ಕುಪ್ಪಳಿಸುತ್ತಿದ್ದಳು. "ಅತ್ತೆ, ನಾನೆಷ್ಟು ಎತ್ತರ ನೆಗೀತೀನಿ ನೋಡು," ಎಂದು ಕರೆದಳು. ಸಣ್ಣಕ್ಕ ಸಂಜೆಯವರೆಗೂ ಕೂತು ನೋಡಿದಳು.

ನೀತಿ: ಮಗುವಿಗೆ ಯಾರೋ ಹಿಂಸೆ ಕೊಡುತ್ತಿದ್ದಾರೆ ಎಂಬ ಅನುಮಾನ ಬಂದರೆ ಸುಮ್ಮನಿರಬಾರದು, ಧೈರ್ಯ ಮಾಡಿ ಪೊಲೀಸರಿಗೆ ದೂರು ಕೊಡಬೇಕು.