ಗೂಟಕ್ಕೆ ಕಟ್ಟಿದ ದೀಪ

ಒಬ್ಬ ಮೀನುಗಾರ ದಿನವೂ ಕಡಲ ಬಂಡೆಯ ಮೇಲೆ ದೀಪ ಹಚ್ಚಿಟ್ಟು ಹೆಂಡತಿಯ ದಾರಿ ಕಾಯುತ್ತಿದ್ದ. ದೀಪ ಅವಳ ಕಣ್ಣಿಗೆ ಬೀಳುತ್ತಿತ್ತು. ಆದರೂ ಅವಳು ಬರಲಿಲ್ಲ. ಯಾಕೆ ಬರಲಿಲ್ಲ, ಕೊನೆಗೆ ಏನಾಯಿತು, ಊಹಿಸಿ ನೋಡೋಣ. ಅವಸರವೇನಿಲ್ಲ, ನಿಧಾನವಾಗಿ ಯೋಚಿಸಿ. ಶೇಷಗಿರಿಗೂ ಗುರುಗಳು ಇಷ್ಟೇ ಸಮಯ ಕೊಟ್ಟಿದ್ದರು.

ಶೇಷಗಿರಿ ಗುರುಗಳ ಶಿಷ್ಯ. ಬಹಳ ಶಿಸ್ತಿನ ಮನುಷ್ಯ. ಒಂದು ಸಂಜೆ ಅವನು ಗುರುಗಳ ಮುಂದೆ ಬಂದು ಕೂತ.

"ಗುರುಗಳೇ, ಬೆಳಕು ಹರಿಯುವ ಮೊದಲೇ ಏಳುತ್ತೇನೆ. ಜಪವಾಯಿತು, ಪಾರಾಯಣವಾಯಿತು, ಉಪವಾಸವೂ ಆಯಿತು. ದಿನದಲ್ಲಿ ಒಂದು ಗಳಿಗೆಯನ್ನೂ ಖಾಲಿ ಬಿಟ್ಟಿಲ್ಲ. ಆದರೂ ಆ ದೇವರು ನನ್ನ ಬಳಿ ಬರುವುದಿಲ್ಲ. ಹಂಬಲ ಮಾತ್ರ ಬೆಳೆಯುತ್ತಾ ಹೋಗುತ್ತಿದೆ. ಇನ್ನೇನು ಮಾಡಲಿ, ಹೇಳಿ."

ಗುರುಗಳು ಆಗ ಈ ಮೀನುಗಾರನ ಒಗಟನ್ನು ಅವನ ಮುಂದಿಟ್ಟರು. ಶೇಷಗಿರಿ ಸ್ವಲ್ಪ ಯೋಚಿಸಿದ.

"ದೀಪ ಚಿಕ್ಕದಾಯಿತೇನೋ. ಇನ್ನೂ ದೊಡ್ಡದು ಹಚ್ಚಬೇಕಿತ್ತು."

"ಆಹಾ! ಅವನೂ ಹಾಗೇ ಅಂದುಕೊಂಡ" ಎಂದು ಗುರುಗಳು ನಕ್ಕರು. "ಕೇಳು ಹಾಗಾದರೆ. ಮೀನಿನ ಕತೆ ಅಂತ ಮೂಗು ಮುಚ್ಚಿಕೊಳ್ಳಬೇಡ. ಕತೆಗೆ ವಾಸನೆಯಿಲ್ಲ."

ಹೊಳೆ ಕಡಲನ್ನು ಸೇರುವ ಒಂದು ಅಳಿವೆ. ಈಚೆ ದಡದಲ್ಲಿ ಒಂದು ಊರು, ಊರಿನ ತುದಿಗೆ ಕರಿಬಂಡೆ, ಬಂಡೆಯ ಹಿಂದೆ ಮೀನುಗಾರನ ಮನೆ. ಆಚೆ ದಡದಲ್ಲಿ ಅವನ ಹೆಂಡತಿಯ ತವರು. ನಡುವೆ ಜನರನ್ನು ದಾಟಿಸುವ ಒಂದು ದೋಣಿ.

ಈ ಮೀನುಗಾರ ಕಡಲಿಗೆ ಇಳಿದು ಬಲೆ ಬೀಸುವವನಲ್ಲ. ರಾತ್ರಿ ಬಂಡೆಯ ಮೇಲೆ ನಿಂತು ಗಾಳ ಹಾಕುವವನು. ಅವನು ಹಿಡಿಯುತ್ತಿದ್ದದ್ದು ಬೊಂಡಾಸವನ್ನು. ಬೊಂಡಾಸ ಎಂದರೆ ಮುಳ್ಳಿಲ್ಲದ ಮೆತ್ತನೆಯ ಮೈ, ಬಾಯಿಯ ಸುತ್ತ ಹತ್ತು ಕೈ. ಹೆದರಿದರೆ ನೀರಿಗೆಲ್ಲ ಮಸಿ ಉಗುಳಿ ಓಡುತ್ತದೆ. ಅದರ ಸ್ವಭಾವ ವಿಚಿತ್ರ. ಅದಕ್ಕೆ ಬೆಳಕು ಬೇಕು, ಬೆಳಕಿನೊಳಗೆ ಬರುವ ಧೈರ್ಯವಿಲ್ಲ. ದೀಪ ಹಿಡಿದರೆ ಸಣ್ಣ ಮೀನುಗಳೆಲ್ಲ ಬಂದು ಸೇರುತ್ತವೆ. ಬೊಂಡಾಸ ಮಾತ್ರ ಬೆಳಕು ಮುಗಿದು ನೆರಳು ಶುರುವಾಗುವ ಅಂಚಿನಲ್ಲಿ ನಿಂತು ನೋಡುತ್ತಿರುತ್ತದೆ.

ಆದ್ದರಿಂದ ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಗಾಳದ ದಾರ ಎಳೆಯಬೇಕು. ಇನ್ನೊಬ್ಬರು ಪಕ್ಕದಲ್ಲಿ ಗ್ಯಾಸ್‌ಲೈಟ್ ಹಿಡಿದು ನಿಲ್ಲಬೇಕು. ಬೊಂಡಾಸ ಗಾಳವನ್ನು ತಬ್ಬಿಕೊಂಡ ಕೂಡಲೇ ದೀಪವನ್ನು ಮೆಲ್ಲಗೆ ತಗ್ಗಿಸುತ್ತಾ ಬರಬೇಕು. ದೀಪ ತಗ್ಗಿದ ಹಾಗೆ ನೆರಳಿನ ಅಂಚೂ ಬಂಡೆಯ ಕಡೆಗೆ ಸರಿಯುತ್ತದೆ. ನಾನಿನ್ನೂ ನೆರಳಿನಲ್ಲೇ ಇದ್ದೇನೆ ಎಂದುಕೊಂಡು ಬೊಂಡಾಸ ದಾರದ ಜೊತೆ ಬರುತ್ತದೆ. ದೀಪ ಬೇಗ ತಗ್ಗಿದರೂ ಕೆಟ್ಟಿತು, ತಡವಾಗಿ ತಗ್ಗಿದರೂ ಕೆಟ್ಟಿತು.

ಅವನಿಗೆ ದೀಪ ಹಿಡಿಯುತ್ತಿದ್ದವಳು ಹೆಂಡತಿ.

ಮಳೆ ಹಿಂದೆ ಸರಿದು ಕಡಲು ತಿಳಿಯಾದ ಹೊಸತು. ಒಂದು ರಾತ್ರಿ ತೋಳುದ್ದದ ಬೊಂಡಾಸ ಗಾಳ ತಬ್ಬಿತು. ಬಂಡೆಯ ಬುಡದವರೆಗೆ ಬಂದು ಕೈಬಿಟ್ಟು ಹೋಯಿತು. ತಪ್ಪು ಯಾರದೋ ಏನೋ. ಅವನು ಎಳೆದದ್ದೇ ಜೋರಾಗಿದ್ದಿರಬಹುದು. ಬಾಯಿ ಮಾತ್ರ ಅವನದೇ ಮುಂದಾಯಿತು.

"ದೀಪ ಹಿಡಿಯೋಕೆ ನೀನೇ ಯಾಕೆ ಬೇಕು? ಒಂದು ಗೂಟ ಸಾಕು."

"ಹಾಗಾದ್ರೆ ನಾಳೆ ಗಂಜಿಯನ್ನೂ ಗೂಟವೇ ಬೇಯಿಸ್ಲಿ" ಎಂದಳು ಅವಳು. ದೀಪವನ್ನು ಬಂಡೆಯ ಮೇಲಿಟ್ಟು ಮನೆಗೆ ನಡೆದಳು. ಬೆಳಿಗ್ಗೆ ದೋಣಿ ಹತ್ತಿ ತವರಿಗೆ ಹೋದಳು.

ಎರಡು ದಿನ ಕಳೆದರೆ ಬರುತ್ತಾಳೆ ಎಂದುಕೊಂಡ. ಬರಲಿಲ್ಲ. ಮನೆ ದೊಡ್ಡದಾಗಿ ಕಾಣತೊಡಗಿತು. ಅವಳು ಒಣಗಲು ಹಾಕಿದ್ದ ಸೀರೆಯನ್ನು ಅವನು ತಂತಿಯಿಂದ ತೆಗೆಯಲಿಲ್ಲ. ಹೋಗಿ ಕರೆಯೋಣವೆಂದರೆ ಆ ದೋಣಿಗೆ ಕಾಲಿಡಲು ನಾಚಿಕೆ. ಅವನಿಗೆ ಮಾತು ಬರುತ್ತಿದ್ದದ್ದೇ ಕಡಿಮೆ. ಬಂದರೆ ಏನು ಬರುತ್ತಿತ್ತೆಂದು ಆಗಲೇ ನೋಡಿದೆವಲ್ಲ. ಆದ್ದರಿಂದ ಅವನು ಒಂದು ಉಪಾಯ ಮಾಡಿದ. ಉದ್ದನೆಯ ಬಿದಿರು ಕಡಿದು ತಂದು, ಬಂಡೆಯ ಬಿರುಕಿನಲ್ಲಿ ಗೂಟದ ಹಾಗೆ ನಿಲ್ಲಿಸಿ, ಅದರ ತುದಿಗೆ ಗ್ಯಾಸ್‌ಲೈಟ್ ಕಟ್ಟಿದ. ಆಚೆ ದಡದಿಂದ ನೋಡಿದರೂ ಕಾಣಬೇಕು. ನನಗಾಗಿ ಕಾಯುತ್ತಿದ್ದಾನೆ ಎಂದು ಅವಳಿಗೆ ತಿಳಿಯಬೇಕು. ಅವನ ಲೆಕ್ಕ ಅದು.

ಶೇಷಗಿರಿಗೆ ತಡೆಯಲಾಗಲಿಲ್ಲ. "ಯಾರ ಕೈಯಲ್ಲಾದರೂ 'ಬಾ' ಎಂದು ಒಂದು ಮಾತು ಹೇಳಿ ಕಳಿಸಬಹುದಿತ್ತಲ್ಲ, ಗುರುಗಳೇ?"

"ಕಳಿಸಬಹುದಿತ್ತು" ಎಂದರು ಗುರುಗಳು. "ನೀನು ಕಳಿಸಿದ್ದೀಯಾ? ಅಥವಾ ಪಾರಾಯಣದ ಅಧ್ಯಾಯ ಒಪ್ಪಿಸಿ ಎದ್ದು ಬರುತ್ತೀಯಾ?"

ಶೇಷಗಿರಿ ಚಾಪೆಯ ಅಂಚು ನೋಡಿದ. ಗುರುಗಳು ಮುಂದುವರಿಸಿದರು.

ದಿನವೂ ಕತ್ತಲಾಗುವುದೇ ತಡ, ಬಿದಿರಿನ ತುದಿಯಲ್ಲಿ ದೀಪ ಉರಿಯುತ್ತಿತ್ತು. ಬೊಂಡಾಸ ಅಂಚಿನವರೆಗೆ ಬರುತ್ತಿತ್ತು, ನೋಡುತ್ತಿತ್ತು, ಹಿಂದಿರುಗುತ್ತಿತ್ತು. ಬುಟ್ಟಿಯಲ್ಲಿ ಏನೂ ಇಲ್ಲ. ಅವನಿಗೆ ಅದರ ಚಿಂತೆಯೂ ಇಲ್ಲ. ಅವನ ಕಣ್ಣು ನೀರಿನ ಮೇಲಿರಲಿಲ್ಲ, ಆಚೆ ದಡದ ಮೇಲಿತ್ತು. ಬೆಳದಿಂಗಳು ಬಂತು. ಬೆಳದಿಂಗಳಲ್ಲಿ ಇಡೀ ಕಡಲೇ ಬೆಳಗುವಾಗ ದೀಪಕ್ಕೆ ಯಾವ ಬೊಂಡಾಸವೂ ಸುಳಿಯುವುದಿಲ್ಲ. ಗಾಳದವರೆಲ್ಲ ಆ ರಾತ್ರಿಗಳಲ್ಲಿ ಮನೆಯಲ್ಲಿ ಮಲಗುತ್ತಾರೆ. ಇವನು ಹುಣ್ಣಿಮೆಯ ದಿನವೂ ದೀಪ ಹಚ್ಚಿದ.

ಅಂಬಿಗ ಕೆಳಗಿನಿಂದ ಕೂಗಿದ. "ಎಂಥ ಮಾರಾಯ, ಚಂದ್ರನಿಗೆ ದಾರಿ ತೋರಿಸ್ತಿದ್ದೀಯಾ?"

ಮೀನುಗಾರ ಆಚೆ ದಡದಿಂದ ಕಣ್ಣು ತೆಗೆಯಲಿಲ್ಲ. ಅಂಬಿಗನೇನು ದಡ್ಡನೇ? ಯಾರಿಗೆ ಹಚ್ಚಿದ ದೀಪವೆಂದು ಅವನಿಗೆ ಅರ್ಥವಾಯಿತು. ಮರುದಿನ ಆಚೆ ದಡದಲ್ಲಿ ಅವಳು ನೀರಿಗೆ ಬಂದಾಗ ಮೆಲ್ಲಗೆ ಮಾತು ತೆಗೆದ.

"ತಂಗಿ, ನಿನ್ನ ಗಂಡನ ದೀಪ ಕಾಣ್ತದಾ ಇಲ್ಲಿಗೆ?"

"ಕಾಣದೆ ಏನು? ದಿನಾ ನೋಡ್ತೇನೆ."

"ನೋಡಿದ ಮೇಲೂ ಏನೂ ಅನ್ನಿಸೋದಿಲ್ವಾ?"

"ಅನ್ನಿಸ್ತದೆ. ಗೂಟ ಸಾಕು ಅಂದಿದ್ರು. ಸಾಕಾಯ್ತಲ್ಲ" ಎಂದಳು ಅವಳು. ಕೊಡವನ್ನು ಸೊಂಟಕ್ಕೇರಿಸಿದಳು. "ಹುಣ್ಣಿಮೆಗೆ ಬೊಂಡಾಸ ಬರೋದಿಲ್ಲ ಅಂತ ಅವರಿಗೆ ಗೊತ್ತಿಲ್ವಾ? ನಾನಿದ್ದಾಗ ಹುಣ್ಣಿಮೆಗೆ ಮನೆಯಲ್ಲೇ ಇರ್ತಿದ್ರು. ಇಬ್ಬರೂ ಅಂಗಳದಲ್ಲಿ ಕೂತು ಊಟ ಮಾಡ್ತಿದ್ವು. ಈಗ ಅವರಿಗೆ ಮನೆಯೂ ಬೇಡ ಆಗಿದೆ."

ಅಂಬಿಗ ದೋಣಿಗೆ ಹಿಂದಿರುಗಿದ. ಗಂಡ ಹೆಂಡಿರ ನಡುವಿನ ನೀರಿನಲ್ಲಿ ಹುಟ್ಟು ಹಾಕಲು ಅವನಿಗೆ ಭಯ.

ಹೀಗೆ ನಡೆಯಿತು ನೋಡು. ಅವನು 'ಕಾಯುತ್ತಿದ್ದೇನೆ' ಎಂದು ದೀಪದಲ್ಲಿ ಹೇಳುತ್ತಿದ್ದ. ಅವಳು ಅದನ್ನು 'ನೀನು ಬೇಡ' ಎಂದು ಓದಿಕೊಳ್ಳುತ್ತಿದ್ದಳು. ಆದರೂ ಕತ್ತಲಾದರೆ ತವರಿನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳು. ದೀಪ ಹತ್ತುವವರೆಗೆ ಒಂದು ಸಂಕಟ. ಹತ್ತಿದ ಮೇಲೆ ಇನ್ನೊಂದು ಸಂಕಟ. ಅವಳ ತಾಯಿ ಒಳಗಿನಿಂದ ಕರೆಯುತ್ತಿದ್ದಳು, "ಒಳಗೆ ಬಾ ಮಗಾ, ಅದೇನು ಓಡಿಹೋಗೋದಿಲ್ಲ." ಅವಳು ದೀಪ ಆರಿದ ಮೇಲೆಯೇ ಒಳಗೆ ಹೋಗುತ್ತಿದ್ದಳು.

ಇತ್ತ ಅವನು ಯೋಚಿಸಿದ. ಬರಲಿಲ್ಲವೆಂದರೆ ಅವಳಿಗೆ ಸರಿಯಾಗಿ ಕಂಡಿಲ್ಲ. ಇನ್ನೂ ಉದ್ದದ ಬಿದಿರು ತಂದ. ಪಕ್ಕದ ಊರಿನಿಂದ ಇನ್ನೊಂದು ಗ್ಯಾಸ್‌ಲೈಟ್ ತಂದು ಮೊದಲಿನದರ ಕೆಳಗೆ ಕಟ್ಟಿದ. ಈಗ ಬಂಡೆಯ ಮೇಲಿನ ಇರುವೆಯೂ ಕಾಣುವಷ್ಟು ಬೆಳಕು. ಆ ರಾತ್ರಿ ಅವಳು ಆಚೆ ದಡದಲ್ಲಿ ಎರಡು ದೀಪ ನೋಡಿದಳು. ವ್ಯಾಪಾರ ಚೆನ್ನಾಗಿ ಆಗುತ್ತಿದೆ ಎಂದುಕೊಂಡಳು. ಅಂದು ಊಟ ಮಾಡಲಿಲ್ಲ.

ಆಮೇಲೆ ಒಂದು ದಿನ ಅವನು ಎಂದಿನಂತೆ ಬಂಡೆಗೆ ಬಂದ. ಅಲ್ಲಿ ಬೇರೆ ಗಾಳದವರು ಒಬ್ಬರೂ ಇರಲಿಲ್ಲ. ಚಂದ್ರನಿಲ್ಲ. ಗಾಳಿ ಬಿದ್ದಿದೆ. ನೀರು ಅಲುಗುತ್ತಿಲ್ಲ. ಬೊಂಡಾಸಕ್ಕೆ ಅದಕ್ಕಿಂತ ಒಳ್ಳೆಯ ರಾತ್ರಿ ವರ್ಷದಲ್ಲಿ ಸಿಗುವುದು ಕಷ್ಟ. ಅವನು ಕಡ್ಡಿಪೆಟ್ಟಿಗೆ ತೆಗೆದ. ಒಂದು ಕಡ್ಡಿಯನ್ನೂ ತೆಗೆದ. ಆದರೆ ಗೀರಲಿಲ್ಲ.

ಸಿಟ್ಟಿನಿಂದಲ್ಲ. ಮರೆತು ಬಿಡೋಣವೆಂದೂ ಅಲ್ಲ. ಅವಳು ಆವತ್ತು ಬೇಕಾಗಿದ್ದಷ್ಟು ಯಾವತ್ತೂ ಬೇಕಾಗಿರಲಿಲ್ಲ. ಆದರೆ ಅದನ್ನು ತೋರಿಸಲು ಅವನಲ್ಲಿ ಏನೂ ಉಳಿದಿರಲಿಲ್ಲ. ಕಡ್ಡಿಯನ್ನು ಪೆಟ್ಟಿಗೆಗೆ ಹಾಕಿದ. ಬಿದಿರಿಗೆ ಬೆನ್ನು ಕೊಟ್ಟು ಕತ್ತಲಲ್ಲಿ ಕೂತ.

ತುಂಬ ಹೊತ್ತಿನ ಮೇಲೆ ಕೆಳಗೆ ದೋಣಿ ತಾಗಿದ ಸದ್ದಾಯಿತು. ಯಾರೋ ಬಂಡೆ ಹತ್ತಿದರು. ಆ ಕತ್ತಲಲ್ಲಿ ಎಲ್ಲಿ ಕಾಲಿಡಬೇಕು, ಎಲ್ಲಿ ಜಾರುತ್ತದೆ ಎಂದು ಗೊತ್ತಿದ್ದವರ ಹೆಜ್ಜೆ ಅದು.

"ಮೈಗೆ ಹುಷಾರಿಲ್ವಾ?" ಎಂದಿತು ಸ್ವರ.

"ಹುಷಾರಾಗಿದ್ದೇನೆ."

"ಮತ್ತೆ ದೀಪ?"

"ಹಿಡಿಯೋರು ಇಲ್ಲ."

ಅವಳು ಕೈಚಾಚಿ ಬಿದಿರನ್ನು ಮುಟ್ಟಿದಳು. "ಇದು ಇದೆಯಲ್ಲ?"

"ಇದಕ್ಕೆ ತಗ್ಗಿಸೋಕೆ ಬರೋದಿಲ್ಲ ಮಾರಾಯ್ತಿ" ಎಂದ ಅವನು. "ಒಂದು ಬೊಂಡಾಸವೂ ಬರ್ಲಿಲ್ಲ."

ಅವಳು ಬಿದಿರನ್ನು ಬಾಗಿಸಿದಳು. ಅದರಿಂದ ಒಂದು ದೀಪವನ್ನು ಬಿಚ್ಚಿಕೊಂಡಳು. ಅವನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು, ಕಡ್ಡಿ ಗೀರಿ, ಪಂಪು ಹೊಡೆದು ಹಚ್ಚಿದಳು. ಅವನ ಎಡಕ್ಕೆ, ಯಾವಾಗಲೂ ನಿಲ್ಲುತ್ತಿದ್ದ ಕಡೆ, ಬಂದು ನಿಂತಳು.

"ಗಾಳ ಹಾಕಿ" ಎಂದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶೇಷಗಿರಿಗೆ ಕತೆ ಹಿಡಿಸಿತು. ಆದರೆ ಅವನು ಓದಿಕೊಂಡವನು. ಕತೆ ಹಿಡಿಸಿದರೂ ಅದರಲ್ಲಿ ಒಂದು ತೂತು ಹುಡುಕದೆ ಎದ್ದು ಹೋಗುವವನಲ್ಲ.

"ಗುರುಗಳೇ, ಒಂದು ಸಂಶಯ. ಉರಿಯುವ ದೀಪ ದೂರದಿಂದ ಕಾಣುತ್ತದೆ, ಒಪ್ಪಿದೆ. ಆ ರಾತ್ರಿ ಚಂದ್ರನಿಲ್ಲ, ಇಡೀ ದಡವೇ ಕತ್ತಲು. ಅಷ್ಟು ಕತ್ತಲಲ್ಲಿ ಒಂದು ಬಂಡೆ ಮಾತ್ರ ಬೇರೆಯಾಗಿ ಕಾಣುವುದು ಹೇಗೆ? ದೀಪವಿಲ್ಲದ್ದು ಅವಳನ್ನು ಕರೆಯಿತು ಎನ್ನುತ್ತೀರಿ. ಇಲ್ಲದ್ದು ಅಷ್ಟು ದೂರಕ್ಕೆ ಹೇಗೆ ಕಂಡೀತು?"

ಪ್ರಶ್ನೆ ಚೆನ್ನಾಗಿಯೇ ಇತ್ತು. ಗುರುಗಳು ಕೊಟ್ಟ ಉತ್ತರ ಇಷ್ಟೇ:

"ಆವತ್ತು ಆ ದಡದಲ್ಲಿ ದೀಪವಿಲ್ಲದ ಜಾಗ ಅದೊಂದೇ ಕಣಯ್ಯ, ಅದು ಆಶ್ವೀಜ ಮಾಸದ ಅಮಾವಾಸ್ಯೆ, ದೀಪಾವಳಿಯ ದಿನ."