ಬಿ ಕ್ಲಾಸು

ಹೊಳೆಯ ದಂಡೆಯಲ್ಲಿ ಗುರುಪಾದಪ್ಪ ಮಾಸ್ತರರ ಆಶ್ರಮ. ಅಲ್ಲಿ ನೇಕಾರರಿಗೆ ಅಕ್ಷರದ ಜೊತೆ ಸಮಾಜವಾದದ ಪಾಠವೂ ನಡೆಯುತ್ತಿತ್ತು. ಪಾಠ ಹೇಳುವವನು ಶಿಷ್ಯ ಶ್ರೀಪಾದ. ವಕೀಲರ ಮಗ, ಬಿ.ಎ. ಓದಿದವನು.

ಅಂದು ಮಧ್ಯಾಹ್ನ ಅವನನ್ನು ಮುಂದಿಟ್ಟುಕೊಂಡು ಹನ್ನೊಂದು ಮಂದಿ ನೇಕಾರರು ಬಾವುಟ ಹಿಡಿದು ಬ್ರಿಟಿಷರ ಸರ್ಕಾರಿ ಕಚೇರಿಗೆ ಹೊರಡುವವರಿದ್ದರು. ಸೆರೆಯಾಗುವುದು ಖಂಡಿತ.

ಶ್ರೀಪಾದ ಸ್ನಾನಕ್ಕೆಂದು ನೀರಿಗಿಳಿದ. ಮುಖ ಮಾತ್ರ ತೊಳೆದು, ದಪ್ಪ ಕನ್ನಡಕ ಒರೆಸಿಕೊಳ್ಳುತ್ತ ಮೇಲೆ ಬಂದ. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿ ಮೂಗಿಗೇರಿಸಿದ.

"ಯಾಕೋ, ಹೆದರಿಕಿ ಏನು?" ಮಾಸ್ತರರು ಕೇಳಿದರು.

"ಹೌದ್ರಿ ಮಾಸ್ತರ."

"ಲಾಠಿಗೇನು?"

"ಅಲ್ರಿ. ಜೈಲಿನ ಗೇಟಿಗೆ."

ಗೇಟಿನಲ್ಲಿ ಕೈದಿಗಳನ್ನು ವಿಂಗಡಿಸುತ್ತಿದ್ದರು. ಓದಿದವರಿಗೆ, ಉಳ್ಳವರಿಗೆ ಬಿ ಕ್ಲಾಸು: ಮಂಚ, ಹಾಲು, ಪುಸ್ತಕ. ಉಳಿದವರಿಗೆ ಸಿ ಕ್ಲಾಸು: ಬೀಸುವ ಕಲ್ಲು.

"ಒಳಗೂ ನಮ್ಮ ಜೋಡಿನ ಇರ್ತೀರಲ್ರಿ ಅಂತ ಮಗ್ಗದ ಯಲ್ಲಪ್ಪ ಕೇಳಿದ. ಹೂಂ ಅಂದೀನಿ."

"ಮತ್ತ? ಬಿ ಕ್ಲಾಸು ಬ್ಯಾಡ ಅಂದ್ರ ಆತು."

"ಆ ಹೊತ್ತಿಗೆ ಬಾಯಿ ಬರತೈತೋ ಇಲ್ಲೋ. ಮಂಚ, ಹಾಲು ನೆನಸ್ಕೊಂಡ್ರ ನನಗ ಒಳಗೊಳಗ ಖುಷಿ ಆಗತೈತ್ರಿ. ಅದಕ್ಕ ಹೆದರಿಕಿ."

ಸಮತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದವನು ಇಷ್ಟು ಹೇಳುವಷ್ಟರಲ್ಲಿ ಬೆವತುಹೋದ. ಪಾಪ, ನಾಚಿಕೆಯೂ ಆಗಿತ್ತು.

ಮಾಸ್ತರರು ನಕ್ಕರು. "ಮೊದಲನೇ ಸಲ ನನಗೂ ಬಿ ಕ್ಲಾಸು ಕೊಟ್ಟಿದ್ರು. ಗ್ವಾಡಿ ಆಚೆ ನಮ್ಮ ಮಂದಿ ಬೀಸೋ ಸಪ್ಪಳ ಕೇಳಸ್ತಿತ್ತು."

"ನೀವೇನು ಮಾಡಿದ್ರಿ?"

"ಹಾಲು ಕುಡಿದೆ."

ಮಾಸ್ತರರೇ ಸೋತಿದ್ದರೆಂದ ಮೇಲೆ ಶ್ರೀಪಾದನಿಗೆ ಇನ್ನಷ್ಟು ದಿಗಿಲಾಯಿತು.

ದಂಡೆಯ ಮೇಲಿಂದ ಯಲ್ಲಪ್ಪ ಶ್ರೀಪಾದನನ್ನು ಕೂಗಿದ. "ರಾಯರ, ಹೊತ್ತಾತ್ರಿ! ಎಲ್ಲಾರೂ ನಿಮ್ಮ ದಾರೀನ ಕಾಯಾಕತ್ತಾರ!"

ಮಾಸ್ತರರು ಎದ್ದು, ಶಿಷ್ಯನ ಮೂಗಿನ ಮೇಲಿದ್ದ ಕನ್ನಡಕ ತೆಗೆದು ತಮ್ಮ ಜೇಬಿಗಿಳಿಸಿದರು.

"ಮಾಸ್ತರ! ಅದಿಲ್ಲದ ನನಗ ಎರಡು ಮಾರು ದಾರಿ ಕಾಣಂಗಿಲ್ಲ. ಎಲ್ಲಾರ ಮುಂದ ನಡೀಬೇಕಾದಾವ ನಾನು!"

"ಯಲ್ಲಪ್ಪಗ ಕಾಣತೈತಿ. ಅವನ ಹೆಗಲ ಮ್ಯಾಲೆ ಕೈ ಇಟಗೊಂಡು ನಡಿ. ಜೈಲಿನ ಗೇಟಿನ್ಯಾಗೂ ಆ ಕೈ ತಗೀಬ್ಯಾಡ."